ಪರೇಲಿನ ಒಂದು ವಂಶವಾಹಿ ಸಮಾಲೋಚನಾ ಕೇಂದ್ರ: ವರದಿಗಿಂತ ವಿವರಣೆಗೇ ಹೆಚ್ಚು ಅಂಕ

ಮುಂಬಯಿಯಲ್ಲಿ ವಂಶವಾಹಿ ಪರೀಕ್ಷೆ ಮಾಡಿಕೊಡುವ ಪ್ರಯೋಗಾಲಯಗಳಿಗೆ ಕೊರತೆಯಿಲ್ಲ. ಆದರೆ ಅವು ಕಳುಹಿಸುವ ವರದಿಯನ್ನು ಎದುರಿಗಿಟ್ಟುಕೊಂಡು, ಮನೆಯವರಿಗೆ ತಿಳಿಯುವಂತೆ ಬಿಡಿಸಿ ಹೇಳುವವರು ವಿರಳ. ಪರೇಲಿನ ಸಣ್ಣ ಖಾಸಗಿ ಸಮಾಲೋಚನಾ ಕೇಂದ್ರವೊಂದು ನನಗೆ ಮೆಚ್ಚುಗೆಯಾದದ್ದು ಈ ಕಾರಣಕ್ಕೆ. ಹೆಸರು ಬರೆದರೆ ಜಾಹೀರಾತಾಗುತ್ತದೆ, ಆದ್ದರಿಂದ ಬರೆಯುತ್ತಿಲ್ಲ.

ಕೇಂದ್ರವನ್ನು ನಡೆಸುವ ಮಹಿಳೆ ಆಣ್ವಿಕ ತಳಿವಿಜ್ಞಾನಿ. ವೃತ್ತಿಜೀವನದ ಬಹುಭಾಗವನ್ನು ಅವರು ಸಂಶೋಧನೆಯಲ್ಲೇ ಕಳೆದಿದ್ದಾರೆ: ಮೊದಲು ಥಲಸ್ಸೇಮಿಯಾ ಮತ್ತು ಹಿಮೋಫಿಲಿಯಾ ಎಂಬ ಆನುವಂಶಿಕ ರಕ್ತರೋಗಗಳು, ಅನಂತರ ಶಿಶುಗಳಲ್ಲಿ ಹುಟ್ಟಿನಿಂದಲೇ ಇರುವ ರೋಗನಿರೋಧಕ ಶಕ್ತಿಯ ಕೊರತೆ, ಈಚೆಗೆ ಕಿವುಡುತನ. ಕೇಳಲು ಮೂರು ಬೇರೆ ದಾರಿಗಳೆನಿಸಿದರೂ ಕೆಲಸದ ಕ್ರಮ ಒಂದೇ. ಯಾವ ಸಮುದಾಯದಲ್ಲಿ ಯಾವ ದೋಷ ಹೆಚ್ಚೆಂದು ಗುರುತಿಸುವುದು, ಅದನ್ನು ಕಡಿಮೆ ಖರ್ಚಿನಲ್ಲಿ ಪತ್ತೆಹಚ್ಚುವ ವಿಧಾನ ಕಂಡುಕೊಳ್ಳುವುದು. ಈ ಊರಿಗೆ ಅದು ಹೊಸತೂ ಅಲ್ಲ. ಬಾಂಬೆ ರಕ್ತಗುಂಪು ಎಂಬ ಅಪರೂಪದ ಗುಂಪು 1952ರಲ್ಲಿ ಬೆಳಕಿಗೆ ಬಂದದ್ದು ಇಲ್ಲೇ, ಕೆ.ಇ.ಎಂ. ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ 1957ರಲ್ಲಿ ರಕ್ತಗುಂಪುಗಳ ಪರಾಮರ್ಶನ ಕೇಂದ್ರವಾಗಿ ಆರಂಭಗೊಂಡಿತು.

ನಾವು ಹೋದದ್ದು ಡೊಂಬಿವಲಿಯಲ್ಲಿರುವ ನನ್ನ ಅಣ್ಣನ ಮಗಳ ಸಲುವಾಗಿ. ಅವಳು ಮದುವೆಯಾಗಿರುವುದು ಸೋದರತ್ತೆಯ ಮಗನನ್ನು. ಮೊದಲ ಮಗುವಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಅದಕ್ಕೂ ಮೊದಲು ನೋಡಿದ್ದ ಇನ್ನೊಂದು ಕಡೆ, ವಿಷಯ ಪೂರ್ತಿ ಕೇಳುವ ಮುನ್ನವೇ ನೂರಾರು ವಂಶವಾಹಿಗಳ ದುಬಾರಿ ಪರೀಕ್ಷೆಯನ್ನು ಬರೆದುಕೊಟ್ಟಿದ್ದರು. ಪರೇಲಿನ ವಿಜ್ಞಾನಿ ಮೊದಲು ಮೂರು ತಲೆಮಾರಿನ ವಂಶವೃಕ್ಷ ಬರೆದು, ರಕ್ತಸಂಬಂಧದ ಮದುವೆಗಳಿಗೆ ಜೋಡಿಗೆರೆ ಎಳೆದು, ಯಾರಿಗಾದರೂ ಚುಚ್ಚುಮದ್ದಿನ ಬಳಿಕ ಕಿವಿ ಹೋಗಿತ್ತೇ ಎಂದು ವಿಚಾರಿಸಿದರು. ತಾಯಿಯ ಕಡೆಯಿಂದ ಬರುವ ಒಂದು ಬಗೆಯ ದೋಷವಿದ್ದವರಿಗೆ ಜೆಂಟಮೈಸಿನ್‌ನಂಥ ಔಷಧಿಯಿಂದ ಶ್ರವಣಶಕ್ತಿ ನಷ್ಟವಾಗಬಹುದಂತೆ. ನಮ್ಮಲ್ಲಿ ಅಂಥವರಿರಲಿಲ್ಲ. ಆಮೇಲೆ ಜಿಜೆಬಿ2 ಎಂಬ ಒಂದೇ ವಂಶವಾಹಿಯನ್ನು ನೋಡೋಣವೆಂದರು. ಕನೆಕ್ಸಿನ್ 26 ಎಂಬ ಪ್ರೋಟೀನಿಗೆ ಬೇಕಾದ ಸಂಕೇತವೆಲ್ಲ ಅದರ ಒಂದೇ ತುಣುಕಿನಲ್ಲಿರುವುದರಿಂದ ಓದುವುದು ಸುಲಭ, ಖರ್ಚೂ ಕಡಿಮೆ. ಯುರೋಪಿನಲ್ಲಿ ಹೆಚ್ಚಾಗಿ ಸಿಗುವ ದೋಷವೇ ಬೇರೆ, ಭಾರತೀಯರಲ್ಲಿ ಹೆಚ್ಚಾಗಿ ಸಿಗುವುದು ಡಬ್ಲ್ಯು24ಎಕ್ಸ್ ಎಂಬ ದೋಷ. ಮಗುವಿನಲ್ಲಿ ಸಿಕ್ಕಿದ್ದೂ ಅದೇ, ತಂದೆಯಿಂದ ಒಂದು, ತಾಯಿಯಿಂದ ಒಂದು ಬರುವ ವಂಶವಾಹಿಯ ಎರಡೂ ಪ್ರತಿಗಳಲ್ಲಿ.

ಫಲಿತಾಂಶ ಬಂದ ದಿನದ ಮಾತುಕತೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಗಂಡಹೆಂಡಿರಿಬ್ಬರೂ ವಾಹಕರು, ಅಂದರೆ ಇಬ್ಬರಲ್ಲೂ ಒಂದು ಪ್ರತಿಯಲ್ಲಷ್ಟೇ ದೋಷವಿದೆ, ಇಬ್ಬರ ಕಿವಿಗೂ ಏನೂ ಆಗಿಲ್ಲ, ಪ್ರತಿ ಬಸಿರಿನಲ್ಲೂ ಮಗುವಿಗೆ ತೊಂದರೆಯಾಗುವ ಸಂಭವ ಶೇ. 25. ಒಂದು ಮಗುವಿಗೆ ಹೀಗಾಯಿತೆಂದರೆ ಮುಂದಿನ ಮೂವರು ಪಾರು ಎಂದು ನನ್ನ ಅತ್ತಿಗೆ ಅರ್ಥಮಾಡಿಕೊಂಡಿದ್ದರು. ಆ ಲೆಕ್ಕ ಸರಿಯಲ್ಲವೆಂದು, ಅವರಿಗೆ ಮುಜುಗರವಾಗದಂತೆ ವಿಜ್ಞಾನಿ ತಿಳಿಹೇಳಿದರು. ಸೊಸೆಯ ಕಡೆಯಿಂದ ಬಂತೆನ್ನುವ ಮಾತಿಗೂ ಅಲ್ಲೇ ತೆರೆಬಿತ್ತು. ದೋಷವಿರುವುದು ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಕಾಕ್ಲಿಯಾ ಎಂಬ ಭಾಗದಲ್ಲಿ, ನರಕ್ಕೆ ಧಕ್ಕೆಯಾಗಿಲ್ಲ. ಆದ್ದರಿಂದ ಇಂಥ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಕಿವಿಯೊಳಗೆ ಅಳವಡಿಸುವ ಶ್ರವಣ ಸಾಧನ) ಸಾಮಾನ್ಯವಾಗಿ ಚೆನ್ನಾಗಿ ಫಲಿಸುತ್ತದೆ ಎಂದೂ ಹೇಳಿದರು. ಆದರೆ ತಾವು ವೈದ್ಯರಲ್ಲವೆಂದು ಸ್ಪಷ್ಟಪಡಿಸಿ, ಶಸ್ತ್ರಚಿಕಿತ್ಸೆಯ ನಿರ್ಧಾರವನ್ನು ಕಿವಿತಜ್ಞರಿಗೇ ಬಿಟ್ಟರು.

ಕೊರತೆಗಳೂ ಇವೆ. ವರದಿ ಇಂಗ್ಲಿಷಿನಲ್ಲಿ ಮಾತ್ರ ಸಿಗುತ್ತದೆ. ಮರಾಠಿಯಲ್ಲಾದರೂ ಒಂದು ಪುಟದ ಸಾರಾಂಶವಿದ್ದಿದ್ದರೆ ಅತ್ತಿಗೆ ತಾವೇ ಓದಿಕೊಳ್ಳುತ್ತಿದ್ದರು. ಕಾಯುವ ಕೋಣೆ ಇಕ್ಕಟ್ಟು. ಶುಲ್ಕವನ್ನು ಮೊದಲೇ ಬರೆದು ತೋರಿಸುತ್ತಾರೆ, ಅದು ಒಳ್ಳೆಯದು.

ಮದುವೆಗೆ ಮುನ್ನ ಥಲಸ್ಸೇಮಿಯಾ ವಾಹಕತೆಯನ್ನಷ್ಟೇ ತಿಳಿಯಬೇಕಾದವರು ಇಲ್ಲಿಯವರೆಗೆ ಬರಬೇಕಿಲ್ಲ. ಯಾವುದೇ ಒಳ್ಳೆಯ ಪ್ರಯೋಗಾಲಯದಲ್ಲಿ ರಕ್ತಕಣಗಳ ಎಣಿಕೆಯ ಜೊತೆ ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿ, ಎಚ್‌ಬಿಎ2 ಎಂಬ ಬಗೆಯ ಪ್ರಮಾಣ ನೋಡಿದರೆ ಸಾಮಾನ್ಯವಾಗಿ ಸಾಕು. ಕಬ್ಬಿಣಾಂಶ ಕಡಿಮೆಯಿದ್ದಾಗ ಆ ಅಂಕಿ ಇಳಿದು ವಾಹಕರು ಕಣ್ತಪ್ಪಬಹುದು, ಅದನ್ನು ವೈದ್ಯರಿಗೆ ನೆನಪಿಸಬೇಕು. ಮನೆಯಲ್ಲಿ ಈಗಾಗಲೇ ಒಂದು ಮಗುವಿಗೆ ತೊಂದರೆಯಿದ್ದರೆ ಮಾತ್ರ ಇಲ್ಲಿಗೆ ಬನ್ನಿ, ಅದೂ ಮುಂದಿನ ಬಸಿರಿಗೆ ಮೊದಲು. ಗರ್ಭದ ಮಾಸುವಿನ ಅಂಶ ತೆಗೆದು ಪರೀಕ್ಷಿಸುವುದು ಸುಮಾರು 11ನೆಯ ವಾರದಲ್ಲಿ. ತಂದೆತಾಯಿಯರ ದೋಷ ಯಾವುದೆಂದು ಅಷ್ಟರೊಳಗೆ ತಿಳಿದಿರದಿದ್ದರೆ ಆ ಮಾದರಿಯಲ್ಲಿ ಏನನ್ನು ಹುಡುಕಬೇಕೆಂಬುದೇ ಗೊತ್ತಾಗುವುದಿಲ್ಲ.