ಡಿಶ್ ಬೇಡ, ಕೇಬಲ್ ಬೇಡ ಅಂತ ಮಾರುವ ಪುಟ್ಟ ಟಿವಿ: ದುಡ್ಡು ಕೊಡುವ ಮುಂಚೆ ಓದಿ

ಆನ್‌ಲೈನಿನಲ್ಲಿ ಒಂಬತ್ತು, ಹತ್ತು ಇಂಚಿನ ಬ್ಯಾಟರಿ ಟಿವಿಗಳು ಸಿಗುತ್ತವೆ. ಎಳೆದರೆ ಉದ್ದವಾಗುವ ಆಂಟೆನಾ, ಹಿಂದೊಂದು ಸ್ಟ್ಯಾಂಡು. ‘ಡಿಜಿಟಲ್ ಟಿವಿ, ಡಿಶ್ ಬೇಡ, ಕೇಬಲ್ ಬೇಡ, ತಿಂಗಳ ಖರ್ಚಿಲ್ಲ, ನೂರಾರು ಚಾನೆಲ್’ ಅಂತ ಬರೆದಿರುತ್ತಾರೆ. ಕರ್ನಾಟಕದ ಊರುಗಳಲ್ಲಿ ನೋಡಲು ದಯವಿಟ್ಟು ಇದನ್ನು ಕೊಳ್ಳಬೇಡಿ. ನಮ್ಮಪ್ಪನಿಗೆ ಮೋಸವಾಯಿತು, ನಿಮ್ಮ ಮನೆಯ ಹಿರಿಯರಿಗೆ ಆಗಬಾರದು.

ಅಪ್ಪ ಇರುವುದು ತಿಪಟೂರಿನ ಹತ್ತಿರ. ತೋಟಕ್ಕೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿಯೇ ಬರುತ್ತದೆ. ಮೋಟರ್ ಮನೆಯಲ್ಲಿ ಕಾಯುತ್ತಾ ಕೂರುವಾಗ ಚಂದನದ ವಾರ್ತೆ ನೋಡಬೇಕು ಅನ್ನೋದು ಅವರ ಆಸೆ. ಅಲ್ಲಿ ಮೊಬೈಲ್ ನೆಟ್‌ವರ್ಕ್ ನೆಟ್ಟಗೆ ಸಿಗುವುದಿಲ್ಲ. ಹಿಂದೆ ಹೆಂಚಿನ ಮೇಲೆ ಕಂಬ ನೆಟ್ಟು, ಆಂಟೆನಾ ತಿರುಗಿಸಿ ದೂರದರ್ಶನ ಹಿಡಿದವರು ಅವರು. ಗಾಳಿಯಲ್ಲಿ ಟಿವಿ ಬರುತ್ತದೆ ಅಂತ ನಂಬಿದ್ದರಲ್ಲಿ ಏನೂ ತಪ್ಪಿಲ್ಲ ಅಲ್ವಾ? ಕೊಳ್ಳುವ ಮುಂಚೆ ಮಾರುವವರಿಗೆ ಫೋನ್ ಮಾಡಿ ಕೇಳಿಯೂ ಇದ್ದರು. ‘ಹಳ್ಳೀಲೂ ಬರುತ್ತೆ ಯಜಮಾನ್ರೇ, ಯೋಚನೆ ಮಾಡ್ಬೇಡಿ’ ಅಂದರಂತೆ.

ಬಂದ ಟಿವಿಯಲ್ಲಿ ಚಾನೆಲ್ ಹುಡುಕಲು ಒತ್ತಿದರೆ ಹಸಿರು ಪಟ್ಟಿಯೊಂದು ನಿಧಾನವಾಗಿ ನೂರರವರೆಗೆ ಹೋಗುತ್ತಿತ್ತು. ಕೆಳಗೆ ‘ಟಿವಿ 0, ರೇಡಿಯೋ 0’. ಮತ್ತೆ ಫೋನ್. ಮೊದಲು ‘ಕಿಟಕಿ ಪಕ್ಕ ಇಡಿ’ ಅಂದರು. ಆಮೇಲೆ ‘ಮಹಡಿ ಮೇಲೆ ಇಡಿ’. ಆಮೇಲೆ ‘ನಿಮ್ಮ ಊರಲ್ಲಿ ಸಿಗ್ನಲ್ ವೀಕು’. ಕೊನೆಗೆ ‘ಬಾಕ್ಸ್ ಬಿಚ್ಚಿದ್ದೀರಿ, ವಾಪಸ್ ಆಗಲ್ಲ’. ಅರವತ್ತು ದಾಟಿದವರನ್ನು ಆಂಟೆನಾ ಹಿಡಿಸಿ ಮಹಡಿ ಹತ್ತಿಸಿದರಲ್ಲ, ಅದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ನಾನು ಊರಿಗೆ ಹೋದಾಗ ಹಿಂಬದಿಯ ಚೀಟಿ ಓದಿದೆ. ‘ಎಟಿಎಸ್‌ಸಿ’ ಅಂತಿತ್ತು. ಅದು ಗಾಳಿಯಲ್ಲಿ ಡಿಜಿಟಲ್ ಟಿವಿ ಕಳಿಸಲು ಅಮೆರಿಕದಲ್ಲಿ ನಡೆಯುವ ಪದ್ಧತಿ. ಜಪಾನ್, ಬ್ರೆಜಿಲ್, ಫಿಲಿಪೀನ್ಸ್‌ನಲ್ಲಿ ಐಎಸ್‌ಡಿಬಿ-ಟಿ. ಚೀನಾದ್ದು ಡಿಟಿಎಂಬಿ. ನಮ್ಮ ದೂರದರ್ಶನದ್ದು ಡಿವಿಬಿ-ಟಿ2. ಒಂದಕ್ಕೆ ಮಾಡಿದ ರಿಸೀವರ್ ಇನ್ನೊಂದನ್ನು ಹಿಡಿಯುವುದಿಲ್ಲ, ಆಂಟೆನಾ ಎಷ್ಟೇ ಎತ್ತರಕ್ಕೆ ಹೋದರೂ. ಬರೀ ‘ಡಿವಿಬಿ-ಟಿ’ ಅಂತಿದ್ದು ಮುಂದೆ 2 ಇಲ್ಲದಿದ್ದರೆ ಅದೂ ಆಗದು. ಅಮೆರಿಕದಲ್ಲಿರುವ ನಮ್ಮವರಿಗೂ ಒಂದು ಮಾತು. ಬಿರುಗಾಳಿಗೆ ಕರೆಂಟ್ ಹೋದಾಗ ನಿಮಗೆ ಅಲ್ಲಿ ಈ ಟಿವಿ ನಿಜವಾಗಿಯೂ ಆಗಿಬರುತ್ತದೆ. ಊರಿಗೆ ಬರುವಾಗ ಅಪ್ಪ ಅಮ್ಮನಿಗೆ ಅಂತ ಮಾತ್ರ ತರಬೇಡಿ.

ಸರಿ, ಡಿವಿಬಿ-ಟಿ2 ಇರುವುದನ್ನೇ ಕೊಂಡರೆ? ಅದೂ ತಿಪಟೂರಿನಲ್ಲಿ ದಂಡವೇ. ದೂರದರ್ಶನ ಈ ಸೇವೆ ಶುರು ಮಾಡಿದ್ದು 2016ರ ಫೆಬ್ರವರಿಯಲ್ಲಿ, 16 ನಗರಗಳಲ್ಲಿ. ಅದರಲ್ಲಿ ನಮ್ಮ ರಾಜ್ಯದ್ದು ಬೆಂಗಳೂರು ಒಂದೇ. ಬಂದದ್ದೂ ದೂರದರ್ಶನದವೇ ಐದು ಚಾನೆಲ್. ಉಳಿದ ಊರುಗಳಲ್ಲಿದ್ದ ಹಳೆಯ ಅನಲಾಗ್ ಟವರ್‌ಗಳನ್ನು 2022ರ ಮಾರ್ಚ್ ಹೊತ್ತಿಗೆ ನಿಲ್ಲಿಸಿಬಿಟ್ಟರು. ದೇಶದಲ್ಲಿ ಆಯಕಟ್ಟಿನ ಜಾಗಗಳ ಸುಮಾರು 50 ಮಾತ್ರ ಉಳಿಸಿಕೊಂಡರು. ಇನ್ನು ಖಾಸಗಿ ಚಾನೆಲ್ಲುಗಳಿಗೆ ಸ್ವಂತ ಟವರ್ ಹಾಕಿ ಪ್ರಸಾರ ಮಾಡಲು ನಮ್ಮ ದೇಶದಲ್ಲಿ ಅನುಮತಿಯೇ ಇಲ್ಲ. ಹಾಗಾಗಿ ‘ನೂರಾರು ಚಾನೆಲ್’ ಅನ್ನೋದು ಹಸಿ ಸುಳ್ಳು. ಕಿಟಕಿಗೆ ಅಂಟಿಸುವ ಕಾಗದದಂಥ ‘ಎಚ್‌ಡಿ ಆಂಟೆನಾ’ ಮಾರುವವರ ಕತೆಯೂ ಇದೇ.

ಡಿಡಿ ಫ್ರೀ ಡಿಶ್ ಬೇರೆ. ಅದು ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ, ತಿಂಗಳ ದುಡ್ಡಿಲ್ಲ, ಚಂದನವೂ ಇದೆ. ಆದರೆ ಡಿಶ್ ಬೇಕೇ ಬೇಕು. ಎಳೆಯುವ ಆಂಟೆನಾದಲ್ಲಿ ಅದು ಸಿಗದು.

ದುಡ್ಡು ಹೇಗೆ ವಾಪಸ್ ಬಂತು ಅಂತಲೂ ಹೇಳಿಬಿಡುತ್ತೇನೆ. ಜಾಹೀರಾತಿನ ಸ್ಕ್ರೀನ್‌ಶಾಟ್ ಅಪ್ಪನ ಫೋನಿನಲ್ಲಿತ್ತು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ಮಾರಿದವರು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವಂತಿಲ್ಲ. ಅದನ್ನೇ ಬರೆದು, ಹಿಂಬದಿಯ ಚೀಟಿಯ ಫೋಟೋ ಸೇರಿಸಿ ಕಳಿಸಿದೆವು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇವೆ ಅಂತಲೂ ಹೇಳಿದೆವು. ಎಳೆದಾಡಿ ಎಳೆದಾಡಿ ಕೊಟ್ಟರು, ಕೊರಿಯರ್ ಖರ್ಚು ನಮ್ಮ ತಲೆಗೇ ಬಂತು. ನೀವೂ ಜಾಹೀರಾತಿನ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಡಿ. ದೂರು ಕೊಟ್ಟ ಮೇಲೆ ಆ ಸಾಲುಗಳು ಮಾಯವಾಗಬಹುದು.

ಈಗಾಗಲೇ ಕೊಂಡು, ವಾಪಸ್ ಮಾಡಲು ಆಗದವರು ಪಕ್ಕದಲ್ಲಿ ‘ಎವಿ ಇನ್’ ತೂತು ಇದೆಯಾ ನೋಡಿ. ಇದ್ದರೆ ಫ್ರೀ ಡಿಶ್ ಬಾಕ್ಸಿನ ವೈರ್ ಅದಕ್ಕೆ ಚುಚ್ಚಬಹುದು, ಆ ಟಿವಿ ಪರದೆಯಾಗಿ ಆದರೂ ಉಪಯೋಗಕ್ಕೆ ಬರುತ್ತದೆ. ಎಷ್ಟೋ ಬಾಕ್ಸುಗಳು 12 ವೋಲ್ಟಿನವು. ಬಾಕ್ಸಿನ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತಿದ್ದರೆ, ಕರೆಂಟ್ ಇಲ್ಲದಾಗ ಬ್ಯಾಟರಿಯಿಂದ ನಡೆಸಲು ತಂತಿಯನ್ನು ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿಕೊಳ್ಳಿ.