ಕನ್ನಡದಲ್ಲಿ ಬಿಲ್ ಮುದ್ರಿಸುವ ಅಂಗಡಿ ಆಪ್: ಪಿಡಬ್ಲ್ಯೂಎ, ಫ್ಲಟರ್, ರಿಯಾಕ್ಟ್ ನೇಟಿವ್

ಕಿರಾಣಿ ಅಂಗಡಿಗೋ ಬೇಕರಿಗೋ ಬಿಲ್ಲಿಂಗ್ ಆಪ್ ಮಾಡಿಕೊಡುವವರಿಗೆ ನನ್ನ ಮೊದಲ ಸಲಹೆ ಪಿಡಬ್ಲ್ಯೂಎ: ಬ್ರೌಸರ್‌ನಲ್ಲೇ ಓಡುವ, ಫೋನಿನ ಹೋಮ್ ಸ್ಕ್ರೀನ್‌ನಲ್ಲಿ ಐಕಾನ್ ಆಗಿ ಕೂರುವ, ನೆಟ್ ಇಲ್ಲದಿದ್ದರೂ ನಡೆಯುವ ವೆಬ್ ಆಪ್. ಅದೇ ಬಿಲ್ಲನ್ನು ಫ್ಲಟರ್ ಮತ್ತು ರಿಯಾಕ್ಟ್ ನೇಟಿವ್‌ನಲ್ಲೂ (ಒಂದೇ ಕೋಡ್‌ನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆಪ್ ಮಾಡುವ ಸಾಧನಗಳು) ಕಟ್ಟಿ, 58 ಮಿ.ಮೀ. ಥರ್ಮಲ್ ಪ್ರಿಂಟರಿಗೆ ಕಳಿಸಿ ನೋಡಿದ ಮೇಲೂ ನನ್ನ ಸಲಹೆ ಬದಲಾಗಿಲ್ಲ. ವೇಗದ ಮಾತು ಇಲ್ಲಿ ಬೇಡ, ಬಿಲ್ ಹಾಕುವಷ್ಟು ಕೆಲಸಕ್ಕೆ ಮೂರೂ ಧಾರಾಳ.

ಪಿಡಬ್ಲ್ಯೂಎ ಗೆಲ್ಲುವುದು ಅಪ್‌ಡೇಟ್‌ನಲ್ಲಿ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯ 12% ಮತ್ತು 28% ದರದ ಬಹುಪಾಲು ಸಾಮಾನು 5% ಮತ್ತು 18%ಕ್ಕೆ ಸರಿಯಿತು. ಇಂಥ ದಿನ ವೆಬ್ ಆಪ್ ಆದರೆ ಹಿಂದಿನ ರಾತ್ರಿ ಸರ್ವರ್‌ಗೆ ಏರಿಸಿದರೆ ಆಯಿತು, ಬೆಳಗ್ಗೆ ಅಂಗಡಿ ತೆರೆದು ನೆಟ್ ಇರುವಾಗ ಆಪ್ ತೆಗೆದರೆ ಹೊಸದು ಇಳಿದುಕೊಳ್ಳುತ್ತದೆ. ಪ್ಲೇ ಸ್ಟೋರ್ ಆದರೆ ಪರಿಶೀಲನೆ ಮುಗಿಯಬೇಕು, ಆಮೇಲೆ ಅಂಗಡಿಯವರ ಫೋನಿನಲ್ಲಿ ಅಪ್‌ಡೇಟ್ ಆಗಬೇಕು. (ಯಾವುದರಲ್ಲೇ ಮಾಡಿ, ತೆರಿಗೆ ದರವನ್ನು ಕೋಡ್‌ನಲ್ಲಿ ಬರೆಯಬೇಡಿ. ‘ಯಾವ ದಿನಾಂಕದಿಂದ’ ಎಂಬ ಕಾಲಮ್ ಇರುವ ಟೇಬಲ್‌ನಲ್ಲಿಡಿ. ಇಲ್ಲದಿದ್ದರೆ ಹಳೆಯ ಬಿಲ್ ಮತ್ತೆ ಮುದ್ರಿಸಿದಾಗ ಹೊಸ ದರ ಬಂದು ಕೂರುತ್ತದೆ.)

ಈಗ ನಿಜವಾದ ತಲೆನೋವು, ಮುದ್ರಣ. ಅಗ್ಗದ ಥರ್ಮಲ್ ಪ್ರಿಂಟರ್‌ಗಳ ಒಳಗೆ ಕನ್ನಡದ ಅಕ್ಷರಗಳೇ ಇರುವುದಿಲ್ಲ. ‘ಅಕ್ಕಿ’ ಎಂದು ಪಠ್ಯ ಕಳಿಸಿದರೆ ಚಿತ್ರವಿಚಿತ್ರ ಗುರುತು ಬರುತ್ತದೆ. ಹಾಗಾಗಿ ಇಡೀ ಬಿಲ್ಲನ್ನು ಚಿತ್ರವಾಗಿ ಬರೆದು, ಆ ಚಿತ್ರದ ಚುಕ್ಕಿಗಳನ್ನು ಕಳಿಸಬೇಕು. 58 ಮಿ.ಮೀ. ಕಾಗದದಲ್ಲಿ ಮುದ್ರಣವಾಗುವ ಅಗಲ 48 ಮಿ.ಮೀ., ಮಿಲಿಮೀಟರಿಗೆ 8 ಚುಕ್ಕಿಯಂತೆ 384 ಚುಕ್ಕಿ, ಒಂದು ಬೈಟ್‌ನಲ್ಲಿ 8 ಚುಕ್ಕಿ ಹಿಡಿಯುವುದರಿಂದ ಒಂದು ಸಾಲಿಗೆ 48 ಬೈಟ್. ಹತ್ತು ಸೆಂಟಿಮೀಟರ್ ಉದ್ದದ ಬಿಲ್ಲಿಗೆ 800 ಸಾಲು, 38,400 ಬೈಟ್.

ವೆಬ್‌ನಲ್ಲಿ ಚಿತ್ರ ಬರೆಯುವುದು ಸುಲಭ. 384 ಪಿಕ್ಸೆಲ್ ಅಗಲದ ಕ್ಯಾನ್ವಾಸ್ (ಬ್ರೌಸರ್‌ನಲ್ಲಿ ಚಿತ್ರ ಬರೆಯುವ ಹಾಳೆ) ತೆಗೆದುಕೊಂಡು ಮೊದಲು ಬಿಳಿ ಬಣ್ಣ ತುಂಬಿ. ಮರೆತರೆ ಪಾರದರ್ಶಕ ಪಿಕ್ಸೆಲ್‌ಗಳ ಬೆಲೆ ಸೊನ್ನೆಯಾಗಿ, ಬಿಲ್ ಪೂರ್ತಿ ಕರಿಬಳಿದುಕೊಂಡು ಬರುತ್ತದೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಪೂರ್ತಿ ಲೋಡ್ ಆಗುವವರೆಗೆ ಕಾಯಿರಿ, ಇಲ್ಲದಿದ್ದರೆ ಮೊದಲ ಬಿಲ್ ಬೇರೆ ಫಾಂಟ್‌ನಲ್ಲಿ ಬಂದು ಅಳತೆ ತಪ್ಪುತ್ತದೆ. ಅಕ್ಷರ 26ರಿಂದ 28 ಪಿಕ್ಸೆಲ್, ಸ್ವಲ್ಪ ದಪ್ಪ. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟಿಗಿಂತ ಕಡಿಮೆಯಾದರೆ ‘ಶಾಸ್ತ್ರಿ ಸ್ಟೋರ್ಸ್’ನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತವೆ. ಬೂದು ಪಿಕ್ಸೆಲ್‌ಗಳನ್ನು ಕಪ್ಪು-ಬಿಳುಪು ಮಾಡುವ ಗಡಿಯನ್ನು (0 ಎಂದರೆ ಕಪ್ಪು, 255 ಎಂದರೆ ಬಿಳುಪು) 128ರಲ್ಲಿಟ್ಟರೆ ತೆಳು ಗೆರೆಗಳು ಮಾಯವಾಗುತ್ತವೆ, 170ರ ಆಸುಪಾಸಿನಲ್ಲಿಡಿ.

ಕಳಿಸುವುದೇ ಕಷ್ಟ. ವೆಬ್ ಬ್ಲೂಟೂತ್ (ಬ್ರೌಸರ್‌ನಿಂದಲೇ ಬ್ಲೂಟೂತ್ ಬಳಸುವ ಸೌಲಭ್ಯ) ಮುಟ್ಟುವುದು ಬಿಎಲ್‌ಇ, ಅಂದರೆ ಕಡಿಮೆ ವಿದ್ಯುತ್ತಿನ ಹೊಸ ಬಗೆಯ ಬ್ಲೂಟೂತ್ ಇರುವ ಪ್ರಿಂಟರ್‌ಗಳನ್ನು ಮಾತ್ರ, ಹಳೆಯ ಕ್ಲಾಸಿಕ್ ಬ್ಲೂಟೂತ್ ಪ್ರಿಂಟರ್ ಅದರ ಪಟ್ಟಿಯಲ್ಲೇ ಕಾಣುವುದಿಲ್ಲ. ಕಂಡ ಪ್ರಿಂಟರನ್ನೂ ಪೇಜ್ ಹೊಸದಾಗಿ ತೆರೆದಾಗಲೆಲ್ಲ ಮತ್ತೆ ಆರಿಸಬೇಕು, ಹಳೆಯ ಅನುಮತಿ ನೆನಪಿಡುವ ಸೌಲಭ್ಯ ಕ್ರೋಮ್‌ನಲ್ಲಿ ಫ್ಲ್ಯಾಗ್‌ನ (ನಾವೇ ಆನ್ ಮಾಡಬೇಕಾದ ಪ್ರಾಯೋಗಿಕ ಸ್ವಿಚ್) ಹಿಂದೆಯೇ ಉಳಿದಿದೆ. ಇನ್ನು ಬಿಎಲ್‌ಇ ದಾರಿ ಕಿರಿದು. ಒಂದು ಬಾರಿಗೆ 180 ಬೈಟ್ ಎಂದರೂ ಮೇಲಿನ ಬಿಲ್ಲಿಗೆ 214 ಕಂತು. ಪ್ರಿಂಟರ್ ‘ಸಿಕ್ಕಿತು’ ಎನ್ನುವ ಮೊದಲೇ ಮುಂದಿನದನ್ನು ತಳ್ಳಿದರೆ ಅದರ ಬಫರ್ ತುಂಬಿ ಕೆಲವು ಬೈಟ್ ಕಳೆದುಹೋಗುತ್ತವೆ. ಆಗ ಚಿತ್ರ ಅರ್ಧಕ್ಕೆ ಪಕ್ಕಕ್ಕೆ ಜರುಗುತ್ತದೆ, ಲೆಕ್ಕ ತಪ್ಪಿದ ಪ್ರಿಂಟರ್ ಮುಂದಿನ ಚಿತ್ರದ ಬೈಟ್‌ಗಳನ್ನೇ ಅಕ್ಷರವೆಂದು ತಿಳಿದು ಮೊಳಗಟ್ಟಲೆ ಕಸ ಮುದ್ರಿಸುತ್ತದೆ.

ಇದಕ್ಕೆ ಪರಿಹಾರ ಬಿಲ್ಲನ್ನು ತುಂಡು ಮಾಡುವುದು. 128 ಸಾಲಿಗೊಂದು ಪಟ್ಟಿ ಮಾಡಿ, ಪ್ರತಿ ಪಟ್ಟಿಯ ಮುಂದೆ ಎಂಟು ಬೈಟ್‌ನ ಆದೇಶ ಇಡಿ: 29, 118, 48, 0, 48, 0, 128, 0. ಐದನೆಯದು ಸಾಲಿನ ಬೈಟ್ ಸಂಖ್ಯೆ, ಏಳನೆಯದು ಸಾಲುಗಳ ಸಂಖ್ಯೆ. ಕೊನೆಯ ಪಟ್ಟಿ ಚಿಕ್ಕದಾಗಿದ್ದರೆ ಏಳನೆಯದನ್ನು ಬದಲಿಸಲೇಬೇಕು. ಪ್ರತಿ ಕಂತಿಗೂ ಉತ್ತರ ಬಂದ ಮೇಲೆ ಮುಂದಿನದು.

ಕೌಂಟರ್‌ನಲ್ಲೇ ಕೂತಿರುವ ಪ್ರಿಂಟರ್ ಆದರೆ ಬ್ಲೂಟೂತ್ ಗೊಡವೆಯೇ ಬೇಡ. ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ಒಟಿಜಿ ಕೇಬಲ್ ಹಾಕಿ ವೆಬ್‌ಯುಎಸ್‌ಬಿ (ಬ್ರೌಸರ್‌ನಿಂದಲೇ ಯುಎಸ್‌ಬಿ ಬಳಸುವ ಸೌಲಭ್ಯ) ಬಳಸಿ. ವೇಗವೂ ಹೆಚ್ಚು, ಒಮ್ಮೆ ಕೊಟ್ಟ ಅನುಮತಿಯೂ ಉಳಿಯುತ್ತದೆ. ಆದರೆ ಸೀರಿಯಲ್ ಸಂಖ್ಯೆ ಇಲ್ಲದ ಪ್ರಿಂಟರ್ ಆದರೆ ಕೇಬಲ್ ಕಿತ್ತ ಕೂಡಲೇ ಅನುಮತಿಯೂ ಹೋಗುತ್ತದೆ, ಕೊಳ್ಳುವ ಮೊದಲು ಇದನ್ನು ನೋಡಿ. ವಿಂಡೋಸ್‌ನಲ್ಲಿ ಪ್ರಿಂಟರನ್ನು ಅದರ ಡ್ರೈವರ್ ತಾನೇ ಹಿಡಿದುಕೊಂಡಿರುವುದರಿಂದ, ಡ್ರೈವರ್ ಬದಲಿಸುವ ಜಡಿಗ್ ಎಂಬ ತಂತ್ರಾಂಶ ಬಳಸಿ ವಿನ್‌ಯುಎಸ್‌ಬಿ ಡ್ರೈವರ್‌ಗೆ ಬದಲಿಸಬೇಕು.

ಫ್ಲಟರ್ ಈ ಒಂದು ವಿಷಯದಲ್ಲಿ ಖಂಡಿತ ಮೇಲು. ಕ್ಲಾಸಿಕ್ ಬ್ಲೂಟೂತ್‌ಗೆ ಪ್ಲಗಿನ್ ಇದೆ, ಪ್ರಿಂಟರ್ ವಿಳಾಸ ಉಳಿಸಿಟ್ಟರೆ ತಾನೇ ಸೇರಿಕೊಳ್ಳುತ್ತದೆ. ಆಂಡ್ರಾಯ್ಡ್ 12ರಿಂದ ಬ್ಲೂಟೂತ್ ಕನೆಕ್ಟ್ ಅನುಮತಿಯನ್ನು ಬೇರೆಯಾಗಿ ಕೇಳಬೇಕು, ಅಷ್ಟೆ. ಫ್ಲಟರ್ ಎಡವುವುದು ವಾಟ್ಸ್‌ಆ್ಯಪ್‌ಗೆ ಪಿಡಿಎಫ್ ಕಳಿಸುವಾಗ. ಅಲ್ಲಿ ಎಲ್ಲರೂ ಬಳಸುವ ಪಿಡಿಎಫ್ ಪ್ಯಾಕೇಜ್ ಕನ್ನಡದ ಒತ್ತಕ್ಷರ ಕೂಡಿಸುವುದಿಲ್ಲ, ‘ಅಕ್ಕಿ’ ಬಿಡಿಬಿಡಿಯಾಗಿ ಬೀಳುತ್ತದೆ. ಪುಟವನ್ನೂ ಚಿತ್ರವಾಗಿಯೇ ಸೇರಿಸಬೇಕಾಗುತ್ತದೆ. ವೆಬ್‌ನಲ್ಲಿ ಪಿಡಿಎಫ್ ಮಾಡುವ ಜೆಎಸ್‌ಪಿಡಿಎಫ್ ಲೈಬ್ರರಿಗೂ ಇದೇ ಕಾಯಿಲೆ, ಆದರೆ ಬ್ರೌಸರ್‌ನ ಪ್ರಿಂಟ್ ಮೂಲಕ ಪಿಡಿಎಫ್ ಮಾಡಿದರೆ ಕನ್ನಡ ಸರಿಯಾಗಿ ಬರುತ್ತದೆ.

ರಿಯಾಕ್ಟ್ ನೇಟಿವ್‌ನಲ್ಲಿ ಕ್ಯಾನ್ವಾಸ್ ಇಲ್ಲ. ಪರದೆಯ ಚಿತ್ರ ತೆಗೆದು 384ಕ್ಕೆ ಕುಗ್ಗಿಸಿದರೆ ಅಕ್ಷರದ ಅಂಚು ಮಸುಕಾಗುತ್ತದೆ, ಚಿತ್ರ ಬರೆಯುವ ಸ್ಕಿಯಾ ಲೈಬ್ರರಿ ಸೇರಿಸಿದರೆ ಸರಿಹೋಗುತ್ತದೆ. ಪರಿಶೀಲನೆಗೆ ಕಾಯದೆ ಅಪ್‌ಡೇಟ್ ಕಳಿಸಲು ಬಳಸುತ್ತಿದ್ದ ಮೈಕ್ರೋಸಾಫ್ಟ್‌ನ ಕೋಡ್‌ಪುಶ್ ಸೇವೆ 2025ರ ಮಾರ್ಚ್ 31ಕ್ಕೆ ನಿಂತಿತು. ಈಗ ಅಂಥದೇ ಸೇವೆ ಕೊಡುವ ಎಕ್ಸ್‌ಪೋದ ದಾರಿ ಹಿಡಿಯಬೇಕು. ತಂಡಕ್ಕೆ ರಿಯಾಕ್ಟ್ ಚೆನ್ನಾಗಿ ಬಂದರೆ ಮಾತ್ರ ಇದು.

ಎರಡು ಫೋನಿನಲ್ಲಿ ಆಫ್‌ಲೈನ್ ಬಿಲ್ ಹಾಕುವ ಅಂಗಡಿಯಾದರೆ ಪ್ರತಿ ಫೋನಿಗೂ ಬೇರೆ ಅಕ್ಷರ ಕೊಟ್ಟು ‘A/25-26/00123’ ಎಂಬಂತೆ ಸಂಖ್ಯೆ ಮಾಡಿ. ಇಂಗ್ಲಿಷ್ ಅಕ್ಷರವನ್ನೇ ಬಳಸಿ, ಜಿಎಸ್‌ಟಿ ಬಿಲ್ ಸಂಖ್ಯೆ 16 ಅಕ್ಷರ ಮೀರುವಂತಿಲ್ಲ.

ಖರ್ಚಿಗೆ ಬಂದರೆ ವೆಬ್‌ಗೆ ಡೊಮೇನ್ ಮತ್ತು ಸಣ್ಣ ಸರ್ವರ್ ಸಾಕು. ಪ್ಲೇ ಸ್ಟೋರ್ ಖಾತೆಗೆ ಒಮ್ಮೆ 25 ಡಾಲರ್, ಆಪಲ್‌ಗೆ ವರ್ಷಕ್ಕೆ 99. ಹೊಸ ವೈಯಕ್ತಿಕ ಪ್ಲೇ ಖಾತೆಯಾದರೆ 12 ಜನ ಸತತ 14 ದಿನ ಪರೀಕ್ಷೆಯಲ್ಲಿ ಇರಬೇಕು. ಒಬ್ಬರೇ ಕೂತು ನಾಲ್ಕಾರು ಅಂಗಡಿಗೆ ಕೆಲಸ ಮಾಡುವವರು ಪಿಡಬ್ಲ್ಯೂಎ ಜೊತೆಗೆ ಯುಎಸ್‌ಬಿ ಪ್ರಿಂಟರ್ ಕೊಡಿಸಿ. ಅಂಗಡಿಯವರ ಬಳಿ ಆಗಲೇ ಕ್ಲಾಸಿಕ್ ಬ್ಲೂಟೂತ್ ಪ್ರಿಂಟರ್ ಇದ್ದು ಬದಲಿಸಲು ಮನಸ್ಸಿಲ್ಲವಾದರೆ, ಅಥವಾ ಮಾಲೀಕರು ಐಫೋನ್‌ನಿಂದಲೇ ಮುದ್ರಿಸಬೇಕು ಎಂದರೆ, ಫ್ಲಟರ್ ತೆಗೆದುಕೊಳ್ಳಿ. ಸಫಾರಿಯಲ್ಲಿ ವೆಬ್ ಬ್ಲೂಟೂತೂ ಇಲ್ಲ, ವೆಬ್‌ಯುಎಸ್‌ಬಿಯೂ ಇಲ್ಲ. ಐಫೋನಿಗಂತೂ ಬಿಎಲ್‌ಇ ಪ್ರಿಂಟರನ್ನೇ ಕೊಳ್ಳಿ.