ಮಿಸ್ ಹೊಡೆಯುವ ಹಳೆ ಕಾರು: ಸ್ಕ್ಯಾನರ್, ನೀರಿನ ಸ್ಪ್ರೇ, ಅದಲುಬದಲು

ಆಟಿಯ ಮಳೆ ಹಿಡಿಯಿತೆಂದರೆ ನಮ್ಮ ಕಾಸರಗೋಡಿನ ಕಡೆ ಹಳೆ ಪೆಟ್ರೋಲ್ ಕಾರುಗಳು ಮಿಸ್ ಹೊಡೆಯಲು ಶುರು, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಆಗಾಗ ಸರಿಯಾಗಿ ಉರಿಯದೆ ತಪ್ಪುತ್ತದೆ. ನನ್ನದು 2011ರ ಮಾಡೆಲ್, 4 ಸಿಲಿಂಡರ್, 1.1 ಲೀಟರ್. ಮುಳ್ಳೇರಿಯ ಪೇಟೆಯೊಳಗೆ ಓಡಿಸಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಹಿಂದೆ ಅಡಿಕೆ ಮೂಟೆ ಹಾಕಿ ಚಡಾವು (ಏರುದಾರಿ) ಹತ್ತಿದರೆ ಜರ್ಕ್, ಪಿಕಪ್ಪೇ ಇಲ್ಲ. "ಅಣ್ಣಾ, ಪ್ಲಗ್, ವಯರ್, ಕಾಯಿಲ್ ಮೂರೂ ಹೊಸತು ಹಾಕಿಬಿಡುವ" ಎಂದರು ಮೆಕ್ಯಾನಿಕ್. ಕಾಯಿಲ್ ಹೈ ವೋಲ್ಟೇಜ್ ಕೊಡುತ್ತದೆ, ವಯರ್ ಅದನ್ನು ಪ್ಲಗ್ಗಿಗೆ ಒಯ್ಯುತ್ತದೆ, ಪ್ಲಗ್ ಸಿಲಿಂಡರಿನೊಳಗೆ ಕಿಡಿ ಹಾರಿಸುತ್ತದೆ. ಮೂರನ್ನೂ ಬದಲಾಯಿಸಿದರೆ ಸರಿಯಾಗಬಹುದು, ಆದರೆ ಯಾವುದು ಹಾಳಾಗಿತ್ತು ಎಂದು ಯಾರಿಗೂ ತಿಳಿಯುವುದಿಲ್ಲ. ದುಡ್ಡೂ ಸುಮ್ನೆ ಹೋಗುತ್ತದೆ. ಹಾಗಾಗಿ ಮೂರು ದಾರಿಗಳಲ್ಲಿ ನಾನೇ ನೋಡಿದೆ.

ಮೊದಲು ಓಬಿಡಿ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್ ಗುರುತಿಸಿಟ್ಟ ದೋಷದ ಕೋಡ್ ಓದುವ ಸಾಧನ. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ ಫೋನಿಗೆ ಜೋಡಿಸಿದರೆ ಆಯಿತು. ಬಂದ ಕೋಡ್ ಪಿ0303. ಅಂದರೆ ಮೂರನೇ ಸಿಲಿಂಡರಿನಲ್ಲಿ ಮಿಸ್. ಪಿ0300 ಬಂದರೆ ಇಂಥದ್ದೇ ಸಿಲಿಂಡರ್ ಎಂದಿಲ್ಲ, ಅಲ್ಲಲ್ಲಿ ತಪ್ಪುತ್ತಿದೆ ಎಂದರ್ಥ. ಎಲ್ಲಿ ಎಂದು ಸ್ಕ್ಯಾನರ್ ಹೇಳಿತು, ಯಾಕೆ ಎಂದು ಹೇಳಲಿಲ್ಲ. ಪ್ಲಗ್ಗೋ, ವಯರೋ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರೋ, ಸಿಲಿಂಡರಿನೊಳಗಿನ ಒತ್ತಡ ಅಂದರೆ ಕಂಪ್ರೆಶನ್ನೋ? ಆದರೂ ಅದರಲ್ಲಿ ಕಾಣುವ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ಬಹಳ ಉಪಯೋಗದ್ದು. ಐಡಲಿನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ಶೇ. 10ಕ್ಕಿಂತ ಮೇಲೆ ಹೋಗಿ, ಆಕ್ಸಿಲರೇಟರ್ ಒತ್ತಿದಾಗ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ಲೋಡಿನಲ್ಲಿ ಏರಿದರೆ ಕಾರಿನ ಪೆಟ್ರೋಲ್ ಫಿಲ್ಟರ್ ಅಥವಾ ಪಂಪ್ ನೋಡಬೇಕು. ನನ್ನ ಕಾರಿನಲ್ಲಿ ಎರಡೂ ಸರಿ ಇತ್ತು. ತೀರಾ ಹಳೆ ಕಾರುಗಳ ಜೊತೆ ಈ ಸ್ಕ್ಯಾನರ್ ಮಾತೇ ಆಡದಿರಬಹುದು, ಕೊಳ್ಳುವ ಮೊದಲು ಇದನ್ನು ವಿಚಾರಿಸಿಕೊಳ್ಳಿ.

ಎರಡನೆಯದು ನೀರಿನ ಸ್ಪ್ರೇ. ಕತ್ತಲಾದ ಮೇಲೆ ಬಾನೆಟ್ ಎತ್ತಿ, ಐಡಲಿನಲ್ಲಿ ಬಿಟ್ಟು, ಪ್ಲಗ್ ವಯರುಗಳ ಮೇಲೆ ಸಣ್ಣಗೆ ನೀರು ಸಿಂಪಡಿಸಿದೆ. ಮೂರನೇ ವಯರಿನ ರಬ್ಬರ್ ಬೂಟಿನ ಹತ್ತಿರ ನೀಲಿ ಕಿಡಿ ಕಂಡಿತು! ಚಡಾವಿನಲ್ಲೇ ಯಾಕೆ ತೊಂದರೆ ಎಂಬುದೂ ಆಗ ಅರ್ಥವಾಯಿತು. ಲೋಡ್ ಬಿದ್ದಾಗ ಸಿಲಿಂಡರಿನ ಒಳಗೆ ಒತ್ತಡ ಜಾಸ್ತಿ. ಆ ಒತ್ತಡದಲ್ಲಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ವಯರಿನ ಮೇಲೆ ಬಿರುಕಿದ್ದರೆ ಕರೆಂಟು ಅಲ್ಲೇ ಇಂಜಿನ್ನಿಗೆ ಹಾರಿಬಿಡುತ್ತದೆ. ತೇವ ಇದ್ದರೆ ಇನ್ನೂ ಸುಲಭ. ನಮ್ಮ ಮಳೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಖರ್ಚೂ ಇಲ್ಲ. ಆದರೆ ಕಾಯಿಲ್ ಒಳಗಿನ ದೋಷವನ್ನೋ ಇಂಜೆಕ್ಟರಿನದ್ದನ್ನೋ ಇದು ತೋರಿಸದು. ವಯರನ್ನು ಕೈಯಲ್ಲಿ ಮುಟ್ಟಲೇಬೇಡಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ ನೀರು ಬೀಳದಂತೆ ನೋಡಿಕೊಳ್ಳಿ.

ಮೂರನೆಯದು ಅದಲುಬದಲು. ನನಗೆ ಹೆಚ್ಚು ನಂಬಿಕೆ ಇದರ ಮೇಲೆಯೇ. ಇಂಜಿನ್ ತಣಿದ ಮೇಲೆ ಮೂರನೇ ಪ್ಲಗ್ಗನ್ನು ಒಂದಕ್ಕೆ, ಒಂದರದ್ದನ್ನು ಮೂರಕ್ಕೆ ಹಾಕಿದೆ. ಕೋಡ್ ಅಳಿಸಿ ಅದೇ ಚಡಾವು ಹತ್ತಿಸಿದೆ. ಮತ್ತೆ ಪಿ0303. ಅಂದರೆ ಪ್ಲಗ್ ಸರಿ ಇದೆ. ಆಮೇಲೆ ಎರಡು ಮತ್ತು ಮೂರರ ವಯರುಗಳನ್ನು ಎರಡೂ ತುದಿ ಬಿಚ್ಚಿ ಬದಲಾಯಿಸಿದೆ. ಈಗ ಬಂದದ್ದು ಪಿ0302. ವಯರಿನ ಜೊತೆ ಕೋಡೂ ಹೋಯಿತು, ಇನ್ನೇನು ಸಾಕ್ಷಿ ಬೇಕು? ಇಂಥ ಇಂಜಿನ್ನುಗಳಲ್ಲಿ ಒಂದು–ನಾಲ್ಕಕ್ಕೆ ಒಂದು ಕಾಯಿಲ್, ಎರಡು–ಮೂರಕ್ಕೆ ಇನ್ನೊಂದು. ಕಾಯಿಲ್ ಹೋದರೆ ಸಾಮಾನ್ಯವಾಗಿ ಜೋಡಿ ಸಿಲಿಂಡರುಗಳೆರಡೂ ತಪ್ಪುತ್ತವೆ. ಇಲ್ಲಿ ತಪ್ಪುತ್ತಿದ್ದದ್ದು ಒಂದೇ. ಹಾಗಾಗಿ ಕಾಯಿಲ್ ಬದಲಾಯಿಸುವ ಮಾತು ಅಲ್ಲಿಗೇ ಮುಗಿಯಿತು.

ಇಂಜಿನ್ ಓಡುತ್ತಿರುವಾಗಲೇ ಒಂದೊಂದು ವಯರ್ ಕಿತ್ತು ಯಾವ ಸಿಲಿಂಡರ್ ತಪ್ಪುತ್ತಿದೆ ಎಂದು ನೋಡುವ ಹಳೆ ಪದ್ಧತಿ ನನಗೆ ಹಿಡಿಸುವುದಿಲ್ಲ. ಶಾಕ್ ಹೊಡೆಯುತ್ತದೆ, ಕಾಯಿಲ್ಲೂ ಸುಡಬಹುದು. ಹಾಗೆ ನೋಡಲೇಬೇಕಿದ್ದರೆ ಇಂಜೆಕ್ಟರಿನ ಕನೆಕ್ಟರ್ ಬಿಚ್ಚಿ ನೋಡಿ.

ಒಂದೇ ದಾರಿ ಆರಿಸಿ ಎಂದರೆ ಮಳೆಗಾಲದಲ್ಲಿ ಸ್ಪ್ರೇ. ಎರಡಕ್ಕೆ ಅವಕಾಶ ಇದ್ದರೆ ಸ್ಕ್ಯಾನರ್ ಮತ್ತು ಅದಲುಬದಲು. ಚೆಕ್ ಇಂಜಿನ್ ದೀಪ ಮಿನುಗುತ್ತಿದ್ದರೆ ಮಾತ್ರ ಯಾವ ಪರೀಕ್ಷೆಗೂ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಆ ಕನ್ವರ್ಟರ್ ಕಟ್ಟಿಕೊಂಡರೆ ಮಿಸ್ ಇಲ್ಲದೆಯೂ ಕಾರು ಎಳೆಯುವುದಿಲ್ಲ. ಆಗ ಇಂಜಿನ್ ಗಾಳಿ ಎಳೆಯುವ ಒತ್ತಡ ಅಳೆಯುವ ವ್ಯಾಕ್ಯೂಮ್ ಗೇಜ್ ಇರುವ ಗ್ಯಾರೇಜೇ ಬೇಕು.